ಮಗುವನ್ನು ಯಾವ ಅಖಾಡಕ್ಕೆ ಇಳಿಸುತ್ತೀರಿ? ತಂದೆ-ತಾಯಂದಿರಿಗೊಂದು ಬಹಿರಂಗ ಪತ್ರ



ಪರೀಕ್ಷೆ ಮುಗಿದು ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ನಿಮ್ಮ ಫೋನುಗಳು ಬರತೊಡಗುತ್ತವೆ. "ಸಾರ್, ಮಗನಿಗೆ ಒಂಬತ್ತು ವರ್ಷ. ಕರಾಟೆಗೆ ಹಾಕೋದೋ, ನಿಮ್ಮ ಜೂಡೋಗೆ ಹಾಕೋದೋ? ಯಾವುದು ಸ್ಟ್ರಾಂಗು?" ಎಂದು ಒಬ್ಬರು. "ಮಗಳು ಪಿಯುಸಿಗೆ ಬೇರೆ ಊರಿಗೆ ಹೋಗ್ತಾಳೆ, ಎರಡು ತಿಂಗಳಲ್ಲಿ ಸೆಲ್ಫ್ ಡಿಫೆನ್ಸ್ ಕಲಿಸಿಕೊಡಿ" ಎಂದು ಇನ್ನೊಬ್ಬರು. ಮೊನ್ನೆ ಒಬ್ಬ ತಾಯಿ ಬಾಕ್ಸಿಂಗ್, ಟೇಕ್ವಾಂಡೋ, ಕುಸ್ತಿ, ಕಳರಿಪಯಟ್ಟು ನಾಲ್ಕನ್ನೂ ಚೀಟಿಯಲ್ಲಿ ಬರೆದುಕೊಂಡು ಬಂದು, ಪ್ರತಿಯೊಂದರ ಮುಂದೆ ನನ್ನಿಂದ ಅಂಕ ಹಾಕಿಸಿಕೊಳ್ಳಲು ಕೂತಿದ್ದರು. ಅವರ ಕಾಳಜಿ ನೋಡಿ ಮನಸ್ಸು ತುಂಬಿತು. ಅಂಕ ಹಾಕಲು ಮಾತ್ರ ಕೈ ಏಳಲಿಲ್ಲ. ಐದು ನಿಮಿಷದ ಮಾತಿನಲ್ಲಿ ಮುಗಿಯುವ ಉತ್ತರವಲ್ಲ ಅದು. ಹಾಗಾಗಿ ಈ ಪತ್ರ.

ನಾನು ಎಲ್ಲಿ ನಿಂತು ಮಾತಾಡುತ್ತಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ನಾನು ಮೈಸೂರಿನ ಮಣ್ಣಿನಲ್ಲಿ ಹೊರಳಿ ಬೆಳೆದವನು. ಹನ್ನೊಂದನೇ ವಯಸ್ಸಿಗೆ ತಾತ ನನ್ನ ಕೈಹಿಡಿದು ಗರಡಿ ಮನೆಗೆ ಕರೆದುಕೊಂಡು ಹೋದರು. ಕಾಲೇಜಿಗೆ ಬಂದ ಮೇಲೆ ಜೂಡೋ ಹಿಡಿಯಿತು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಮಕ್ಕಳಿಗೆ ಅದನ್ನೇ ಕಲಿಸುತ್ತಿದ್ದೇನೆ. ಹಿಡಿದು ಕೆಡಹುವ ಕಲೆಗಳ ಕಡೆಗೆ ನನ್ನ ಒಲವಿದೆ. ಓದುವಾಗ ಅದು ನಿಮ್ಮ ನೆನಪಿನಲ್ಲಿರಲಿ.

ಗರಡಿಗೆ ಸೇರಿದ ಹೊಸದರಲ್ಲಿ ಎರಡು ತಿಂಗಳು ನಾನು ಮಣ್ಣು ಅಗೆದೆ, ಅಷ್ಟೇ. ಕೆಂಪು ಮಣ್ಣನ್ನು ಜರಡಿ ಹಿಡಿದು, ಅರಿಶಿನ, ಎಣ್ಣೆ, ಮಜ್ಜಿಗೆ, ನಿಂಬೆರಸ ಬೆರೆಸಿ ಹದ ಮಾಡಿದ ಮಟ್ಟಿ ಅದು. ಬೆಳಗಿನ ಜಾವ ಅದನ್ನು ಮಗುಚಿ ಹಾಕುವಷ್ಟರಲ್ಲೇ ಅರ್ಧ ಸಾಮು ಆಗಿಬಿಡುತ್ತಿತ್ತು. ಆಮೇಲೆ ದಂಡ, ಬಸ್ಕಿ, ಗದೆ. ನಾನು ದೊಡ್ಡವರನ್ನು ನೋಡಿ ನೋಡಿ ಪಟ್ಟುಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಒಂದು ದಿನ ಉಸ್ತಾದರ ಎದುರಿಗೇ ಇನ್ನೊಬ್ಬ ಹುಡುಗನಿಗೆ, "ಹಿಂಗ್ ಹಿಡಿದ್ರೆ ಹಂಗ್ ಬೀಳ್ತಾನೆ" ಎಂದು ವಿವರಿಸುತ್ತಿದ್ದೆ. ಉಸ್ತಾದರು ತಲೆ ಎತ್ತದೆ ಹೇಳಿದರು: "ಲೇ, ಪಟ್ಟು ನಿನ್ನ ಬಾಯಲ್ಲಿದೆ ಕಣೋ. ಮಟ್ಟಿಗಿಳಿಸು." ಇಳಿಸಿದೆ. ನನಗಿಂತ ಗಿಡ್ಡ ಹುಡುಗ ಮೂರು ಸಲ ನನ್ನನ್ನು ಅಂಗಾತ ಮಲಗಿಸಿದ. ನಾನು ಕಲಿತಿದ್ದೇನೆ ಅಂದುಕೊಂಡದ್ದರಲ್ಲಿ ಒಂದೂ ಕೈಗೆ ಬರಲಿಲ್ಲ, ಏಕೆಂದರೆ ಅವನು ಬೀಳಲು ಒಪ್ಪುತ್ತಿರಲಿಲ್ಲ.

ಎದುರಿನವನು ಬೀಳಲು ಒಪ್ಪದಿರುವುದು. ಕಲೆಯ ಹೆಸರು, ದೇಶ, ಗುರುವಿನ ಪರಂಪರೆ, ಪಟ್ಟಿಯ ಬಣ್ಣ ಇವೆಲ್ಲಕ್ಕಿಂತ ಮೊದಲು ನೀವು ನೋಡಬೇಕಾದದ್ದು ಇದನ್ನು. ನಿಮ್ಮ ಮಗು ಕಲಿಯಲಿರುವ ಜಾಗದಲ್ಲಿ ಎದುರಾಳಿ ನಿಜವಾಗಿ ಎದುರಿಸುತ್ತಾನೆಯೇ?

ಈ ಮಾತನ್ನು ನನಗಿಂತ ಚೆನ್ನಾಗಿ ಅರಿತಿದ್ದವರು ಜಪಾನಿನ ಜಿಗೊರೊ ಕಾನೊ. ಚಿಕ್ಕ ಮೈಕಟ್ಟಿನ ಮನುಷ್ಯ, ಓದಿನಲ್ಲಿ ಮುಂದು, ಹುಡುಗಾಟದ ವಯಸ್ಸಿನಲ್ಲಿ ಗಟ್ಟಿ ಹುಡುಗರ ಕೈಯಲ್ಲಿ ನೊಂದವರು. ಹಳೆಯ ಜುಜುತ್ಸುವಿನ ಎರಡು ಪಂಥಗಳಲ್ಲಿ ಕಲಿತು, 1882ರಲ್ಲಿ ಟೋಕಿಯೋದ ಒಂದು ದೇವಾಲಯದಲ್ಲಿ ಹನ್ನೆರಡು ಚಾಪೆ ಹಾಸುವಷ್ಟು ಜಾಗದಲ್ಲಿ ಕೊಡೊಕಾನ್ ಶುರುಮಾಡಿದರು. ಆಗಿನ ಜುಜುತ್ಸುವಿನಲ್ಲಿ ಕಣ್ಣಿಗೆ ಬೆರಳು ಹಾಕುವುದು, ಮರ್ಮಕ್ಕೆ ಹೊಡೆಯುವುದು, ಕೀಲು ಮುರಿಯುವುದು ಎಲ್ಲ ಇತ್ತು. ಕಾನೊ ಅವುಗಳನ್ನು ದಿನನಿತ್ಯದ ಸೆಣಸಾಟದಿಂದ ಹೊರಗಿಟ್ಟು, ನಿಗದಿತ ವರಸೆಗಳಲ್ಲಿ ಮಾತ್ರ ಉಳಿಸಿದರು. ಮೇಲುನೋಟಕ್ಕೆ ಅದು ಕಲೆಯ ಹಲ್ಲು ಕಿತ್ತಂತೆ. ಆದದ್ದು ಬೇರೆ. ಅಪಾಯದ ಪಟ್ಟುಗಳು ಹೋದ ಮೇಲೆ ಶಿಷ್ಯರು ಗೆಳೆಯನ ಮೇಲೆ ಪೂರ್ತಿ ಬಲ ಹಾಕಿ, ಅವನು ಪೂರ್ತಿ ಬಲದಿಂದ ತಡೆಯುವಾಗ, ದಿನಕ್ಕೆ ಹತ್ತಾರು ಸಲ ಅಭ್ಯಾಸ ಮಾಡಬಹುದಾಯಿತು. ಕಣ್ಣಿಗೆ ಬೆರಳು ಹಾಕುವುದನ್ನು ಗೆಳೆಯನ ಮೇಲೆ ಹೇಗೆ ಅಭ್ಯಾಸ ಮಾಡುತ್ತೀರಿ? ಅದು ಎಂದೂ ಊಹೆಯಾಗಿಯೇ ಉಳಿಯುತ್ತದೆ. ಕೆಡಹುವುದು ಮಾತ್ರ ಸಾವಿರ ಸಲ ಮಾಡಿ ಸಾವಿರ ಸಲ ತಪ್ಪಿ ಕೈಗೆ ಬಂದ ವಿದ್ಯೆಯಾಗುತ್ತದೆ.

ಆದ್ದರಿಂದ "ನಮ್ಮದು ತುಂಬಾ ಮಾರಕ ಕಲೆ, ಅದಕ್ಕೇ ನಾವು ಸ್ಪರ್ಧೆಗೆ ಇಳಿಯೋದಿಲ್ಲ" ಎಂದು ಯಾರಾದರೂ ಹೇಳಿದರೆ ನನಗೆ ನಂಬಿಕೆ ಹುಟ್ಟುವುದಿಲ್ಲ. 2017ರಲ್ಲಿ ಚೀನಾದಲ್ಲಿ ಶು ಷಿಯಾವ್‌ಡಾಂಗ್ ಎಂಬ ಮಿಶ್ರ ಸಮರಕಲೆಯ ಹೋರಾಟಗಾರ ತಾಯ್ ಚೀ ಗುರುವೊಬ್ಬರನ್ನು ಅರ್ಧ ನಿಮಿಷವೂ ಹಿಡಿಯದೆ ನೆಲಕ್ಕುರುಳಿಸಿದ. ಆ ದೃಶ್ಯ ನೋಡಿ ನಾನು ಸಂತೋಷಪಡಲಿಲ್ಲ. ಆ ಗುರು ಸುಳ್ಳುಗಾರ ಎಂದೂ ನನಗನ್ನಿಸಲಿಲ್ಲ. ಹತ್ತಾರು ವರ್ಷ ಗೌರವದಿಂದ ಬೀಳುವ ಶಿಷ್ಯರ ನಡುವೆಯೇ ಇದ್ದರೆ ಯಾರಿಗಾದರೂ ತಮ್ಮ ಬಲದ ಅಂದಾಜು ತಪ್ಪುತ್ತದೆ. ನನ್ನ ಶಿಷ್ಯರೂ ಒಂದೊಂದು ಸಲ ನಾನು ಹಿಡಿದ ಕೂಡಲೇ ಬೀಳುತ್ತಾರೆ. ಅವತ್ತು ನಾನು ಅವರನ್ನು ಗದರುತ್ತೇನೆ.

ಹಾಗೆಂದು ಎಲ್ಲ ಕಲೆಯನ್ನೂ ಹೊಡೆದಾಟದ ಒಂದೇ ಅಳತೆಗೋಲಿಂದ ಅಳೆಯುವುದು ತಪ್ಪು. ಕೇರಳದ ಕಳರಿಯನ್ನು ನೋಡಿ. ಅಲ್ಲಿ ಮೊದಲು ಮೈಪಳಗಿಸುವ ಮೈಪಯಟ್ಟು, ಆಮೇಲೆ ಕೋಲು, ಆಮೇಲೆ ಕತ್ತಿ-ಗುರಾಣಿ-ಉರುಮಿ, ಎಲ್ಲಕ್ಕಿಂತ ಕೊನೆಗೆ ಬರಿಗೈ. ವಡಗರದ ಮೀನಾಕ್ಷಿ ಅಮ್ಮ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಸೀರೆಯುಟ್ಟು ಕತ್ತಿ ಬೀಸುವುದನ್ನು ದೇಶವೇ ನೋಡಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಮೈಯ ಬಾಗು, ಆ ಉಸಿರಿನ ಹಿಡಿತ, ಎಣ್ಣೆ-ಉಜ್ಜುವಿಕೆಯ ಆ ಚಿಕಿತ್ಸೆ ಬಾಕ್ಸಿಂಗ್ ರಿಂಗಿನಲ್ಲಿ ಗೆಲ್ಲದಿದ್ದರೆ ಬೆಲೆಯಿಲ್ಲದ್ದಾಗುತ್ತದೆಯೇ? ಕರಾಟೆಯ ಕತಾ, ಅಂದರೆ ನಿಗದಿತ ವರಸೆಗಳ ಸರಣಿ ಕೂಡ ಅಂಥದ್ದೇ, ಮೈಯಲ್ಲಿ ಬರೆದಿಟ್ಟ ಹಸ್ತಪ್ರತಿ. ನಿಮ್ಮ ಮಗುವಿಗೆ ಅದು ಇಷ್ಟವಾದರೆ ಖಂಡಿತ ಸೇರಿಸಿ. ಆದರೆ ಮಗು ಏನು ಕಲಿಯುತ್ತಿದೆ ಎಂಬುದು ನಿಮಗೂ ಮಗುವಿಗೂ ಸ್ಪಷ್ಟವಿರಲಿ. ಗಾಳಿಯಲ್ಲಿ ಒದೆಯುವುದನ್ನಷ್ಟೇ ಕಲಿತ ಹುಡುಗನಿಗೆ ಬೀದಿಯಲ್ಲಿ ಮೂವರನ್ನು ಎದುರಿಸಬಲ್ಲೆ ಎಂಬ ಧೈರ್ಯ ತುಂಬಿ ಕಳಿಸುವುದು ಅಪರಾಧ.

ಇನ್ನು "ಯಾವುದು ಸ್ಟ್ರಾಂಗು" ಎಂಬ ಪ್ರಶ್ನೆ. ಎರಡು ಕಲೆಗಳನ್ನು ಎದುರುಬದುರು ನಿಲ್ಲಿಸಿ ತೀರ್ಮಾನಿಸಲು ಜನ ಬಹಳ ಸಲ ಪ್ರಯತ್ನಪಟ್ಟಿದ್ದಾರೆ. 1976ರ ಜೂನ್ 26ರಂದು ಟೋಕಿಯೋದ ಬುಡೋಕಾನ್‌ನಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಜಪಾನಿನ ಕುಸ್ತಿಪಟು ಅಂಟೋನಿಯೋ ಇನೋಕಿಯ ಎದುರು ನಿಂತರು. ಇನೋಕಿ ಏನು ಮಾಡಬಹುದು, ಏನು ಮಾಡಬಾರದು ಎಂದು ಮೊದಲೇ ಬಿಗಿಯಾದ ನಿಯಮಗಳಾಗಿದ್ದವು. ಆತ ಹದಿನೈದು ಸುತ್ತಿನಲ್ಲಿ ಬಹುಪಾಲು ಬೆನ್ನ ಮೇಲೆ ಮಲಗಿ ಅಲಿಯ ಕಾಲಿಗೆ ಒದೆಯುತ್ತಲೇ ಇದ್ದ. ಅಲಿ ಹೊಡೆದದ್ದು ಬೆರಳೆಣಿಕೆಯಷ್ಟು ಏಟು. ಪಂದ್ಯ ಸಮ. ಅಲಿ ಕಾಲಿನ ಗಾಯಕ್ಕೆ ಆಸ್ಪತ್ರೆ ಸೇರಿದರು. ಬಾಕ್ಸಿಂಗ್ ದೊಡ್ಡದೋ ಕುಸ್ತಿ ದೊಡ್ಡದೋ ಎಂಬುದು ಅಂದು ಯಾರಿಗೂ ತಿಳಿಯಲಿಲ್ಲ. ತಿಳಿದದ್ದು ಇಷ್ಟು: ನಿಯಮ ಬರೆದವನು ಅರ್ಧ ಪಂದ್ಯವನ್ನು ಆಗಲೇ ಆಡಿಬಿಟ್ಟಿರುತ್ತಾನೆ.

ನಮ್ಮ ಗಾಮಾ ಪೈಲ್ವಾನರ ಕಥೆಯಲ್ಲೂ ಅದೇ ಇದೆ. 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಝ್ಬಿಸ್ಕೊ ಜೊತೆ ಅವರ ಕುಸ್ತಿ ಎರಡೂವರೆ ಗಂಟೆಗೂ ಹೆಚ್ಚು ನಡೆಯಿತು. ಝ್ಬಿಸ್ಕೊ ಹೆಚ್ಚು ಹೊತ್ತು ಬೋರಲು ಮಲಗಿ ನೆಲಕ್ಕಂಟಿಕೊಂಡಿದ್ದ. ಗಾಮಾಗೆ ಅವನನ್ನು ಮಗುಚಿ ಚಿತ್ ಮಾಡಲಾಗಲಿಲ್ಲ, ಸಮವಾಯಿತು. ಹದಿನೆಂಟು ವರ್ಷದ ನಂತರ 1928ರಲ್ಲಿ ಪಟಿಯಾಲಾದಲ್ಲಿ ಅದೇ ಇಬ್ಬರು ಮತ್ತೆ ಎದುರಾದಾಗ ಒಂದು ನಿಮಿಷ ತುಂಬುವ ಮೊದಲೇ ಝ್ಬಿಸ್ಕೊ ಚಿತ್. ನೆಲ ಬದಲಾಗಿತ್ತು, ಕಟ್ಟುಪಾಡು ಬದಲಾಗಿತ್ತು, ವಯಸ್ಸೂ ಬದಲಾಗಿತ್ತು.

ನಿಯಮ ಮೈಯನ್ನೇ ಬದಲಿಸುತ್ತದೆ ಎಂಬುದನ್ನು ನಾವು ಕುಸ್ತಿಯವರು ನೋವಿನಿಂದ ಕಲಿತಿದ್ದೇವೆ. ಮಣ್ಣಿನಲ್ಲಿ ಕಾಲು ಹೂತುಕೊಳ್ಳುತ್ತದೆ. ಅಲ್ಲಿ ತಾಳ್ಮೆ ಬೇಕು, ಹಿಡಿತ ಬೇಕು, ಭುಜ ಎರಡೂ ನೆಲ ಮುಟ್ಟುವವರೆಗೆ ಸೆಣಸುವ ದಮ್ಮು ಬೇಕು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಒಬ್ಬ ಚಿತ್ ಆಗುವವರೆಗೆ ನಡೆಯುವ ನಿಕಾಲಿ ಕುಸ್ತಿಯಲ್ಲಿ ಈಗಲೂ ಗೆದ್ದವನು ಯಾರೆಂದು ಹೇಳಲು ಲೆಕ್ಕ ಬರೆಯುವವನು ಬೇಕಿಲ್ಲ. ಮ್ಯಾಟಿನ ಮೇಲೆ ಮೂರು ಮೂರು ನಿಮಿಷದ ಎರಡು ಸುತ್ತು, ಕೆಡಹಿದರೆ ಅಂಕ, ವೃತ್ತದಿಂದ ಹೊರಕ್ಕೆ ತಳ್ಳಿದರೂ ಅಂಕ. ಅಲ್ಲಿ ಕಾಲು ಮಿಂಚಬೇಕು. ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ್ ಮಣ್ಣಿನಲ್ಲಿ ಬೆಳೆದು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟಿಗೆ ಇಳಿದರು, ಆರನೆಯವರಾದರು. ನಾಲ್ಕು ವರ್ಷ ತಿದ್ದಿಕೊಂಡು 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದರು. ಇಂದಿಗೂ ನಮ್ಮ ಹಳ್ಳಿಯ ಎಷ್ಟೋ ಹುಡುಗರು ಇಪ್ಪತ್ತರ ವಯಸ್ಸಿನಲ್ಲಿ ಮೊದಲ ಸಲ ಮ್ಯಾಟು ಮುಟ್ಟುತ್ತಾರೆ. ಅಷ್ಟು ಹೊತ್ತಿಗೆ ಮೈ ಮಣ್ಣಿನ ಪಾಠ ಕಲಿತು ಮುಗಿಸಿರುತ್ತದೆ. ಇದು ನನ್ನನ್ನು ಬಹಳ ಕಾಡುವ ವಿಷಯ.

ನಿಯಮದ ಇನ್ನೊಂದು ಮುಖವನ್ನು ಟೋಕಿಯೋ ಒಲಿಂಪಿಕ್ಸ್‌ನ ಕರಾಟೆ ಫೈನಲ್ ತೋರಿಸಿತು. 2021ರ ಆಗಸ್ಟಿನಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮೇದಿ ಅಂಕದಲ್ಲಿ ಮುಂದಿದ್ದ. ಅವನ ಒಂದು ಒದೆತ ಇರಾನಿನ ಸಜ್ಜಾದ್ ಗಂಜ್‌ಝಾದೆಯ ತಲೆಯ ಪಕ್ಕಕ್ಕೆ ಬಿತ್ತು. ಗಂಜ್‌ಝಾದೆ ಎಚ್ಚರ ತಪ್ಪಿ ಬಿದ್ದ. ಏಟು ಹತೋಟಿ ಮೀರಿತ್ತೆಂದು ಹಮೇದಿಯನ್ನು ಅನರ್ಹಗೊಳಿಸಿದರು. ಸ್ಟ್ರೆಚರಿನಲ್ಲಿ ಹೊರಗೆ ಹೋದವನಿಗೆ ಚಿನ್ನ ಬಂತು. ಆವತ್ತು ಬಹಳ ಜನ ಕರಾಟೆಯನ್ನು ಗೇಲಿ ಮಾಡಿದರು. ನಾನು ಅದನ್ನು ಬೇರೆ ರೀತಿ ನೋಡುತ್ತೇನೆ. ಎದುರಿನವನ ತಲೆಯನ್ನು ಕಾಪಾಡುವುದೂ ನಿನ್ನ ವಿದ್ಯೆಯ ಭಾಗ ಎಂದು ಆ ಆಟ ತನ್ನ ಅತಿ ದೊಡ್ಡ ವೇದಿಕೆಯಲ್ಲಿ, ಪದಕದ ಬೆಲೆ ತೆತ್ತು, ಹೇಳಿತು. ಮಕ್ಕಳಿರುವ ನೀವು ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ ಮೈಸೂರು ದಸರೆಯ ಜೆಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲೂ ಇಂಥದ್ದೊಂದು ಎಲ್ಲೆಯಿದೆ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಇಬ್ಬರು ಇಳಿಯುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಚಿಮ್ಮಿತೋ, ಕಾಳಗ ಅಲ್ಲಿಗೇ ನಿಂತಿತು.

ಕಲೆಗೆ ಕಲೆಯನ್ನು ಎದುರಿಡುವ ಪ್ರಯತ್ನ ಅಲಿ-ಇನೋಕಿಗೇ ನಿಲ್ಲಲಿಲ್ಲ. 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮಿಶ್ರ ಸಮರಕಲೆಯ ಮೊದಲ ಯುಎಫ್‌ಸಿ ಪಂದ್ಯಾವಳಿ ನಡೆದಾಗ, ಎಲ್ಲ ಕಲೆಗಳನ್ನೂ ಒಂದೇ ಪಂಜರದಲ್ಲಿ ಬಿಟ್ಟು ನೋಡೋಣ ಎಂಬ ಹಂಬಲವೇ ಅದರ ಹಿಂದಿತ್ತು. ಬ್ರೆಜಿಲಿನ ರೋಯ್ಸ್ ಗ್ರೇಸಿ ತನಗಿಂತ ದಪ್ಪದವರನ್ನು ನೆಲಕ್ಕೆಳೆದು, ಕೈಯಿಂದ ಶರಣಾಗತಿ ತಟ್ಟಿಸಿ ಗೆದ್ದ. ಒಬ್ಬ ಬಾಕ್ಸರ್ ಒಂದೇ ಕೈಗೆ ಗ್ಲೌಸ್ ಹಾಕಿ ಬಂದು ಒಂದೂ ಏಟು ಹೊಡೆಯಲಾಗದೆ ಸೋತ. ಕಾನೊ ಅವರ ಕೊಡೊಕಾನ್‌ನಿಂದ ಹೊರಟ ಮಾಯೆದಾ ಬ್ರೆಜಿಲಿಗೆ ಒಯ್ದ ವಿದ್ಯೆಯೇ ಗ್ರೇಸಿ ಮನೆತನದಲ್ಲಿ ಬೆಳೆದದ್ದು, ಹಾಗಾಗಿ ನಾವು ಜೂಡೋದವರು ಹಿಗ್ಗಿದೆವು. ಹಿಗ್ಗು ಹೆಚ್ಚು ಕಾಲ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಕುಸ್ತಿಯವರು ಹೊಡೆಯಲು ಕಲಿತರು, ಹೊಡೆಯುವವರು ಬೀಳದಿರಲು ಕಲಿತರು. ಈಗ ಅಲ್ಲಿ ಒಂದೇ ಕಲೆ ನೆಚ್ಚಿಕೊಂಡವನು ಉಳಿಯುವುದಿಲ್ಲ. ಅದು ದೊಡ್ಡವರ ಉದ್ಯೋಗ. ಒಂಬತ್ತರ ಮಗುವಿಗೆ ಯಾವ ತರಗತಿ ಎಂಬುದನ್ನು ಆ ಪಂಜರ ನೋಡಿ ನಿರ್ಧರಿಸಬೇಡಿ.

ಮಗುವಿನ ವಿಷಯಕ್ಕೆ ಬರೋಣ. ನನ್ನದೇ ಕಲೆಯ ಕತ್ತಲ ಭಾಗದಿಂದ ಶುರುಮಾಡುತ್ತೇನೆ. ಜೂಡೋದ ತವರಾದ ಜಪಾನಿನ ಶಾಲೆಗಳಲ್ಲಿ 1983ರಿಂದ ಮೂರು ದಶಕಗಳಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಜೂಡೋ ಅಭ್ಯಾಸದಲ್ಲಿ ಸತ್ತರು. ಬಹಳಷ್ಟು ಸಾವಿಗೆ ಕಾರಣ ತಲೆಗೆ ಬಿದ್ದ ಪೆಟ್ಟು. ಸತ್ತವರಲ್ಲಿ ಬೀಳುವುದನ್ನು ಸರಿಯಾಗಿ ಕಲಿಯುವ ಮೊದಲೇ ಹಿಂದಕ್ಕೆ ಎಸೆಯಲ್ಪಟ್ಟ ಹೊಸಬರು ಅನೇಕರು. ಮಕ್ಕಳನ್ನು ಕಳೆದುಕೊಂಡ ಹೆತ್ತವರು ದನಿ ಎತ್ತಿದ ಮೇಲೆಯೇ ದೇಶ ಎಚ್ಚೆತ್ತದ್ದು. ಆ ಸುದ್ದಿ ಓದಿದ ವಾರ ನಾನು ಮಕ್ಕಳಿಗೆ ಒಂದೂ ಎಸೆತ ಹಾಕಿಸಲಿಲ್ಲ. ಅಂದಿನಿಂದ ನನ್ನಲ್ಲಿ ಮೊದಲ ಮೂರು ತಿಂಗಳು ಬೀಳುವುದು ಮಾತ್ರ. ಗದ್ದ ಎದೆಗೆ, ಬೆನ್ನು ಗುಂಡಗೆ, ಅಂಗೈ ನೆಲಕ್ಕೆ. "ಸಾರ್, ಮೂರು ತಿಂಗಳಾಯ್ತು, ಇನ್ನೂ ಬರೀ ಬೀಳಿಸ್ತಾ ಇದೀರಲ್ಲ" ಎಂದು ಕೇಳಿದವರಿದ್ದಾರೆ. ಇನ್ನೂ ಎರಡು ವಾರ ಬೀಳಿಸುತ್ತೇನೆ ಎಂದು ಹೇಳಿದ್ದೇನೆ. ಬದುಕಿನಲ್ಲಿ ಗೂಂಡಾ ಎದುರಾಗದಿರಬಹುದು. ಸೈಕಲ್ಲಿನಿಂದ, ಮೆಟ್ಟಿಲಿಂದ, ಒದ್ದೆ ಬಚ್ಚಲಲ್ಲಿ ಬೀಳದವರು ಯಾರು?

ಬಾಕ್ಸಿಂಗ್ ಬಗ್ಗೆ ನನ್ನ ಅಭಿಪ್ರಾಯ ಕಠಿಣ. ಅದು ನೀಡುವ ಕಾಲಿನ ಚುರುಕು, ದಮ್ಮು, ಏಟು ಬರುವಾಗ ಕಣ್ಣು ಮುಚ್ಚದಿರುವ ಗಟ್ಟಿತನ ಬೇರೆ ಎಲ್ಲೂ ಅಷ್ಟು ಬೇಗ ಸಿಗದು. ಬ್ಯಾಗಿಗೆ ಹೊಡೆಯಲಿ, ಹಗ್ಗ ಜಿಗಿಯಲಿ, ಗುರುವಿನ ಪ್ಯಾಡಿಗೆ ಗುದ್ದಲಿ. ಆದರೆ ಬೆಳೆಯುವ ಮಕ್ಕಳು ಒಬ್ಬರ ತಲೆಗೊಬ್ಬರು ಹೊಡೆದುಕೊಳ್ಳುವುದನ್ನು ನಾನು ಒಪ್ಪಲಾರೆ. ತಲೆಕವಚ ಇದೆಯಲ್ಲ ಎನ್ನುತ್ತೀರಿ. ಕವಚ ಚರ್ಮ ಹರಿಯದಂತೆ ಕಾಯುತ್ತದೆ. ಬುರುಡೆಯೊಳಗೆ ಮಿದುಳು ಅಲುಗುವುದನ್ನು ಅದು ತಡೆಯುವುದಿಲ್ಲ. ಯಾವ ತರಗತಿಗೇ ಹೋಗಿ, ಈ ಒಂದು ಪ್ರಶ್ನೆ ಕೇಳಿ: "ನನ್ನ ಮಗುವಿನ ತಲೆಗೆ ಪೆಟ್ಟು ಬಿದ್ದರೆ ಏನು ಮಾಡುತ್ತೀರಿ?" ಅಭ್ಯಾಸ ನಿಲ್ಲಿಸಿ, ನಿಮಗೆ ಫೋನು ಮಾಡಿ, ಡಾಕ್ಟರು ಹೇಳುವವರೆಗೆ ಮತ್ತೆ ಇಳಿಸುವುದಿಲ್ಲ ಎಂಬ ಉತ್ತರ ಬಾರದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಬಂದುಬಿಡಿ.

ಪಟ್ಟಿಯ ಬಣ್ಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಪರೀಕ್ಷೆ ಶುಲ್ಕ ಕಟ್ಟಿಸಿಕೊಂಡು ಬಣ್ಣ ಬದಲಿಸುವ ಕಡೆ, ಒಂದು ಮಗುವಾದರೂ ಎಂದಾದರೂ ಫೇಲಾಗಿದೆಯೇ ಎಂದು ವಿಚಾರಿಸಿ. ಸಾಕು.

ಹೆಣ್ಣುಮಕ್ಕಳ ತಾಯಂದಿರಿಗೆ ಬೇರೆಯಾಗಿ ಒಂದು ಮಾತು. ಎರಡು ತಿಂಗಳಲ್ಲಿ ನಾನು ನಿಮ್ಮ ಮಗಳಿಗೆ ಕಲಿಸಬಲ್ಲದ್ದು ಗಂಟಲು ಬಿಟ್ಟು ಕೂಗುವುದು, ಹಿಡಿದ ಮಣಿಕಟ್ಟನ್ನು ಹೆಬ್ಬೆರಳಿನ ಕಡೆಯಿಂದ ಬಿಡಿಸಿಕೊಳ್ಳುವುದು, ಹಿಂದೆ ನೋಡದೆ ಓಡುವುದು. ಚಾಕು ಕಸಿಯುವುದನ್ನು ಎರಡು ತಿಂಗಳಲ್ಲಿ ಕಲಿಸುತ್ತೇನೆ ಎನ್ನುವವರಿಂದ ಅವಳನ್ನು ದೂರವಿಡಿ. ಅತ್ಯಾಚಾರದ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಪರಿಚಿತರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ವರ್ಷವರ್ಷವೂ ಹೇಳುತ್ತಿದೆ. ಕತ್ತಲ ಗಲ್ಲಿಯ ಅಪರಿಚಿತನಿಗಾಗಿ ತಯಾರು ಮಾಡಿದ ಒದೆತ ಮನೆಗೆ ಬಂದುಹೋಗುವ ನೆಂಟನ ಮುಂದೆ ಏಳುವುದಿಲ್ಲ. ಅಲ್ಲಿ ಬೇಕಾದದ್ದು "ಬೇಡ" ಎಂದು ಜೋರಾಗಿ ಹೇಳುವ ಅಭ್ಯಾಸ, ಮನೆಗೆ ಬಂದು ಹೇಳಿದಾಗ ಅವಳನ್ನು ನಂಬುವ ನೀವು.

ಆದರೆ ಎರಡು ವರ್ಷ ಕೊಡಿ. ಕುಸ್ತಿಯಲ್ಲೋ ಜೂಡೋದಲ್ಲೋ ಎರಡು ವರ್ಷ ಸೆಣಸಿದ ಹುಡುಗಿಗೆ ಒಂದು ಗುಣ ಬರುತ್ತದೆ. ಮೈಮೇಲೆ ಇನ್ನೊಂದು ಮೈಯ ಭಾರ ಬಿದ್ದಾಗ ಅವಳು ಕಲ್ಲಾಗುವುದಿಲ್ಲ. ಉಸಿರಾಡುತ್ತಾಳೆ, ಸೊಂಟ ತಿರುಗಿಸುತ್ತಾಳೆ, ಜಾಗ ಹುಡುಕುತ್ತಾಳೆ. ದಿನಕ್ಕೆ ಇಪ್ಪತ್ತು ಸಲ ಅವಳು ಅದನ್ನು ಮಾಡಿರುತ್ತಾಳಲ್ಲ. ಕೋಟೆಗೆ ನುಸುಳಿದ ಶತ್ರುಗಳನ್ನು ಒನಕೆಯಿಂದ ಹೊಡೆದ ಚಿತ್ರದುರ್ಗದ ಓಬವ್ವ ಯಾವ ಗರಡಿಯಲ್ಲೂ ಕಲಿತವಳಲ್ಲ. ಆದರೆ ದಿನಾ ಕುಟ್ಟಿ ಕುಟ್ಟಿ ಒನಕೆಯ ತೂಕ ಅವಳ ತೋಳಿಗೆ ಗೊತ್ತಿತ್ತು. ಒಬ್ಬೊಬ್ಬನೇ ನುಸುಳಬಹುದಾದ ಕಿಂಡಿ ಯಾವುದೆಂಬುದು ಅವಳ ಕಣ್ಣಿಗೆ ಗೊತ್ತಿತ್ತು.

ನನ್ನ ಮಗಳಿಗೆ ಹತ್ತು ವರ್ಷವಾದಾಗ ಅವಳಿಗೂ ಮಣ್ಣಿನ ವಾಸನೆ ಹಿಡಿಸಲೆಂದು ಒಂದು ಗರಡಿಗೆ ಕರೆದುಕೊಂಡು ಹೋದೆ. ಹೊಸ್ತಿಲಲ್ಲೇ ತಡೆದರು. "ಹೆಣ್ಣುಮಕ್ಕಳು ಮಟ್ಟಿ ತುಳಿಯೋ ಹಂಗಿಲ್ಲ, ನಿಮಗೆ ಗೊತ್ತಿಲ್ವಾ?" ಎಂದರು. ಗೊತ್ತಿತ್ತು. ಚಿಕ್ಕಂದಿನಿಂದ ಗೊತ್ತಿದ್ದ ಆ ಕಟ್ಟಳೆ ನನ್ನ ಮಗಳ ಮುಖ ನೋಡಿದಾಗಲೇ ನನಗೆ ಅರ್ಥವಾದದ್ದು. ಅವಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ಈಗ ಮೈಸೂರು ದಸರೆಯಲ್ಲಿ ಹೆಣ್ಣುಮಕ್ಕಳೂ ಕುಸ್ತಿಗೆ ಇಳಿಯುತ್ತಾರೆ. 2016ರಲ್ಲಿ ಸಾಕ್ಷಿ ಮಲಿಕ್ ರಿಯೋ ಒಲಿಂಪಿಕ್ಸ್‌ನ ಕುಸ್ತಿಯಲ್ಲಿ ಕಂಚು ತಂದ ಮೇಲೆ ಕೇಳುವ ಧೈರ್ಯ ಇನ್ನಷ್ಟು ಹೆಣ್ಣುಮಕ್ಕಳಿಗೆ ಬಂದಿದೆ. ಆದರೂ ಎಷ್ಟೋ ಗರಡಿಗಳ ಹೊಸ್ತಿಲು ಇದ್ದಲ್ಲೇ ಇದೆ. ಹೆಣ್ಣುಮಕ್ಕಳನ್ನೂ ಮಟ್ಟಿಗೆ ಬಿಡಿ ಎಂದು ಉಸ್ತಾದರಿಗೆ ನಾನು ಹೇಳಿದ್ದನ್ನೇ ನೀವೂ ಹೋಗಿ ಹೇಳಬೇಕು. ನೂರು ಜನ ತಾಯಂದಿರು ಮಗಳ ಕೈಹಿಡಿದು ಬಾಗಿಲಲ್ಲಿ ನಿಂತರೆ ಎಷ್ಟು ದಿನ ತಡೆದಾರು?

ಕೊನೆಗೆ, ಚೀಟಿ ತಂದಿದ್ದ ಆ ತಾಯಿಗೆ ನಾನು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ನಾಲ್ಕು ಕಡೆಗೂ ಹೋಗಿ. ಪ್ರದರ್ಶನದ ಭಾನುವಾರ ಬೇಡ, ಹೇಳದೆ ಕೇಳದೆ ಒಂದು ಮಂಗಳವಾರ ಸಂಜೆ ಹೋಗಿ ಗೋಡೆ ಬದಿಗೆ ಒಂದು ಗಂಟೆ ಕೂರಿ. ಗುರುವನ್ನು ನೋಡಬೇಡಿ, ಅಲ್ಲಿ ಎಲ್ಲರಿಗಿಂತ ಸಣ್ಣ ಮಗು ಯಾವುದೋ ಅದನ್ನು ನೋಡುತ್ತಿರಿ. ದೊಡ್ಡ ಹುಡುಗ ಅದರ ಜೋಡಿಯಾದಾಗ ತನ್ನ ಬಲವನ್ನು ಎಷ್ಟು ಇಳಿಸಿಕೊಳ್ಳುತ್ತಾನೆ, ಬಿದ್ದಾಗ ಕೈ ಕೊಡುತ್ತಾನೆಯೇ, ಅದು ಅತ್ತರೆ ಯಾರು ಹತ್ತಿರ ಬರುತ್ತಾರೆ, ಎದ್ದು ಮತ್ತೆ ತಾನಾಗಿ ಇಳಿಯುತ್ತದೆಯೇ. ಮನೆಗೆ ಬರುವಾಗ ನಿಮ್ಮ ಮಗುವನ್ನು, "ಇಷ್ಟವಾಯಿತಾ?" ಎಂದು ಕೇಳಿ, ಅದು ಹೇಳುವವರೆಗೆ ಸುಮ್ಮನಿರಿ.

ನಮ್ಮಲ್ಲಿ ಮಂಗಳವಾರ ಸಂಜೆ ಐದೂವರೆಗೆ ಶುರು. ಬಾಗಿಲು ತೆರೆದಿರುತ್ತದೆ.

ನಿಮ್ಮ ಮಕ್ಕಳ ಜೂಡೋ ಮಾಸ್ತರ,
ಮೈಸೂರು